ಸ್ಟೌ ಮೇಲಿನ ಬೊಟ್ಟು

"ಗ್ಯಾಸ್ ಹಚ್ಚೋಕೂ ಬರದಿರೋ ಹೆಂಡ್ತಿ ನಂದು... ಇವಳಿಗೆ ಅವರೂರಿನ ಸೌದೆ ಒಲೆನೇ ಸರಿ."

ನೆಂಟರ ಮುಂದೆ ನಿರಂಜನ ಹಾಗಂದ. ಎಲ್ಲರೂ ನಕ್ಕರು... ವನಜಾಳೂ ನಕ್ಕಳು. ನಗದೆ ಇನ್ನೇನು ಮಾಡಿಯಾಳು?

ಆಗಿದ್ದು ಇಷ್ಟೇ. ಪಾಯಸದ ಉರಿ ಸಣ್ಣ ಮಾಡಲು ಹೋಗಿ ಸಾರಿನ ನಾಬ್ ತಿರುಗಿಸಿದ್ದಳು. ಪಾಯಸ ತಳ ಹಿಡಿಯಿತು.

ಅವನೇ ಮೆಚ್ಚಿ ತಂದ, ನಾಬ್ ತಿರುಗಿಸಿದರೆ ತಾನೇ ಹೊತ್ತಿಕೊಳ್ಳುವ ಹೊಸ ಗ್ಲಾಸ್ ಸ್ಟೌ ಅದು. ಬರ್ನರ್ ಹಿಂದೆ ಎರಡು, ಮುಂದೆ ಎರಡು... ನಾಬ್ ಮಾತ್ರ ನಾಲ್ಕೂ ಒಂದೇ ಸಾಲು. ಯಾವುದು ಯಾವುದಕ್ಕೆ ಅನ್ನೋಕೆ ಒಂದು ಗುರುತೂ ಇಲ್ಲ.

ಊಟವಾದ ಮೇಲೆ ನಾದಿನಿ ಭಾರ್ಗವಿ ಕೇಳಿದಳು. "ಅತ್ತಿಗೆ, ಪಿಜಿ ಹುಡುಗೀರಿಗೆ ಊಟದ ಡಬ್ಬಿ ಕಳಿಸೋಣ ಅಂದಿದ್ರಲ್ಲ... ಯಾವಾಗ ಶುರು?"

"ಬೇಡ ಬಿಡು... ನಂಗೆ ಒಲೆನೇ ಸರಿಯಾಗಿ ಬರಲ್ಲ."

ಎಷ್ಟೋ ದಿನದಿಂದ ಆಸೆಪಟ್ಟಿದ್ದ ಕೆಲಸ... ತಾನೇ ಬೇಡ ಅಂದುಬಿಟ್ಟಳು.

ಒಂದು ಬೆಳಗ್ಗೆ ನಿರಂಜನ ತಾನೇ ಹಾಲು ಕಾಯಿಸಲು ಹೋದ. ನಾಬ್ ತಿರುಗಿಸಿದ... ಹೊತ್ತಿಕೊಂಡಿದ್ದು ಹಿಂದಿನ ಬರ್ನರ್. ಅದರ ಮೇಲಿದ್ದ ಪ್ಲಾಸ್ಟಿಕ್ ಬುಟ್ಟಿ ಕರಗಿ ಅಂಟಿಕೊಂಡಿತು.

"ಥತ್... ಯಾವನು ಮಾಡಿದ್ದು ಈ ದರಿದ್ರ ಸ್ಟೌನ?"

ಬಾಗಿಲಲ್ಲಿ ನಿಂತಿದ್ದ ವನಜಾಗೆ ಅದು ಕೇಳಿಸಿತು.

ಅವಳು ತಪ್ಪಿದರೆ ಅವಳು ದಡ್ಡಿ... ಅವನು ತಪ್ಪಿದರೆ ಸ್ಟೌ ದರಿದ್ರ.

ಅವಳ ಕಣ್ಣು ತುಂಬಿತು. ಇಷ್ಟು ದಿನ ತನ್ನನ್ನು ತಾನೇ ಬೈದುಕೊಂಡಿದ್ದಳಲ್ಲ...

ಅವನು ಆಫೀಸಿಗೆ ಹೋದ ಮೇಲೆ ಸ್ಟಿಕರ್ ಬೊಟ್ಟಿನ ಹಾಳೆ ತೆಗೆದಳು. ಒಂದು ಬರ್ನರ್ ಪಕ್ಕ, ಉರಿ ತಾಕದಷ್ಟು ದೂರದಲ್ಲಿ, ಕೆಂಪು ಬೊಟ್ಟು... ಅದರ ನಾಬ್ ಮೇಲೂ ಕೆಂಪು. ಇನ್ನೊಂದಕ್ಕೆ ಹಸಿರು, ಅದರ ನಾಬಿಗೂ ಹಸಿರು. ಹೀಗೇ ನಾಲ್ಕಕ್ಕೂ ಅಂಟಿಸಿದಳು.

ಮುಂದಿನ ಭಾನುವಾರ ಅದೇ ನೆಂಟರು ಬಂದರು. ಭಾರ್ಗವಿಯೇ ಟೀ ಇಟ್ಟಳು. ಒಂದೇ ಸಲಕ್ಕೆ ಸರಿಯಾದ ಬರ್ನರ್ ಹೊತ್ತಿತು.

ಲೋಟಗಳನ್ನು ಕೊಡುತ್ತಾ ಕೇಳಿದಳು. "ಅಣ್ಣ, ಕಂಪನಿಯೋರಿಗೇ ಹೊಳೆದಿಲ್ವಲ್ಲೋ ಈ ಬೊಟ್ಟಿನ ಉಪಾಯ... ಯಾರ ತಲೆ?"

"ಸೌದೆ ಒಲೆಯವಳದ್ದು," ಅಂದಳು ವನಜಾ. "ನಾಳೆಯಿಂದಾನೇ ಡಬ್ಬಿ ಶುರು ಮಾಡೋಣ ಭಾರ್ಗವಿ... ಇನ್ನು ನಂಗೆ ಒಲೆ ಬರುತ್ತೆ. ಅಲ್ವೇನ್ರೀ?"

ಎಲ್ಲರೂ ನಿರಂಜನನ ಮುಖ ನೋಡಿದರು. ಈ ಸಲ ಯಾರೂ ನಗಲಿಲ್ಲ.

ಅವನು ಟೀ ಲೋಟ ಹಿಡಿದು ಹೊರಗೆ ನಡೆದುಬಿಟ್ಟ...

*

ಒಲೆಯಾಗಲಿ, ಮೊಬೈಲ್ ಆಪ್ ಆಗಲಿ... ನೋಡಿದ ಕೂಡಲೇ ತಿಳಿಯದಿದ್ದರೆ ತಪ್ಪು ಅದನ್ನು ಮಾಡಿದವರದ್ದು, ಬಳಸುವವರದ್ದಲ್ಲ.

ನಿಮ್ಮ ಮನೆಯಲ್ಲಿ ನೀವು "ದಡ್ಡಿ" ಅಂದವರು ಯಾರು... ಅವರ ಕೈಗೆ ಕೊಟ್ಟಿದ್ದನ್ನು ಒಮ್ಮೆಯಾದರೂ ನೀವೇ ಬಳಸಿ ನೋಡಿದ್ದೀರಾ?