ಅವ್ವನ ಹುಳ

ಗದಗದ ಆ ಓಣಿಯಲ್ಲಿ ಹುಳವಿಲ್ಲದ ಮನೆಯೇ ಇರಲಿಲ್ಲ. ತಾಯಿ ಕಣ್ಣು ಮುಚ್ಚಿದರೆ ಅವಳ ಹುಳ ಹಿರಿಮಗಳ ಹೊಟ್ಟೆಗೆ ಬರುತ್ತಿತ್ತು. ತೀರಿಹೋದವರ ಆಸೆಯನ್ನು ಹುಳ ಮರೆಯುವುದಿಲ್ಲ, ಅವರಿಗೆ ಇಷ್ಟವಾದದ್ದು ಕಂಡರೆ ಒಳಗೇ ಕುಣಿಯುತ್ತದೆ ಎಂಬುದು ಸಣ್ಣ ಮಕ್ಕಳಿಗೂ ಗೊತ್ತಿತ್ತು.

ಕಸ್ತೂರಿಯ ಹೊಟ್ಟೆಗೆ ಅವಳ ಅವ್ವ ನೀಲವ್ವನ ಹುಳ ಬಂದು ತಿಂಗಳಾಗಿತ್ತು. ಅದಕ್ಕೆ ಉಣಿಸಿ ಹೋಗಲೆಂದು ತಮ್ಮ ಶೇಖಪ್ಪ ಒಣರೊಟ್ಟಿ, ಕೆಂಪು ಖಾರ ಕಟ್ಟಿಕೊಂಡು ಬಂದಿದ್ದ.

“ಅವ್ವಗ ಇದ ಸೇರ್ತಿತ್ತು. ಉಣ್ಣಕ್ಕಾ.”

ಕಸ್ತೂರಿ ಉಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಹುಳ ಮಾತ್ರ ಮಿಸುಕಲಿಲ್ಲ.

“ಯಾಕೋ ಒಲ್ಲೆ ಅಂತೈತಿ” ಎಂದು ಅವಳು ಹೊಟ್ಟೆ ಸವರಿಕೊಂಡಳು. ಶೇಖಪ್ಪನ ಮುಖ ಸಪ್ಪಗಾಯಿತು.

ತಮ್ಮನಿಗೆಂದು ಮಾಡಿದ್ದ ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಲು ಅವಳು ಬಾಗಿದ್ದೇ ತಡ, ಒಳಗೆ ಹುಳ ಎದ್ದು ಕುಣಿಯತೊಡಗಿತು. ಕಸ್ತೂರಿ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಳಿತಳು.

“ಏನಾತಕ್ಕಾ?”

“ಇದಕ್ಕ ಹೋಳಿಗಿ ಬೇಕಂತೋ.”

“ಅವ್ವಗ ಸಿಹಿ ಎಲ್ಲಿ ಸೇರ್ತಿತ್ತು? ಹಬ್ಬ ಬಂದಾಗೊಮ್ಮೆ ‘ನನಗ ಸೇರಂಗಿಲ್ಲ’ ಅಂತ ತನ್ನ ಪಾಲಿಂದೂ ನನ್ನ ತಾಟಿಗೆ…”

ಶೇಖಪ್ಪ ಹೋಳಿಗೆಯನ್ನೇ ನೋಡಿದ. ಅವನು ತನ್ನ ತಾಟನ್ನು ಅಕ್ಕನ ಮುಂದೆ ಸರಿಸಿ, ಹೋಳಿಗೆ ಮುರಿದು ಅವಳ ಬಾಯಿಗಿಟ್ಟ. ರೊಟ್ಟಿ ಉಂಡು ಹೊಟ್ಟೆ ತುಂಬಿದ್ದರೂ ಅವಳು ಬೇಡವೆನ್ನಲಿಲ್ಲ.

ಕೊನೆಯ ತುತ್ತು ಮುಗಿದಾಗ ಅವನು ಅಕ್ಕನ ಹೊಟ್ಟೆಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದ:

“ಯವ್ವಾ, ಇನ್ನೊಂದು ಹಾಕಲೇನು? ಈಗರ ಸುಳ್ಳು ಹೇಳಬ್ಯಾಡ.”