ಲಿಫ್ಟಿನ ಕೀಲಿ

"ಬರೀರಿ," ಎಂದ ಸೂಪರಿಂಟೆಂಡೆಂಟ್. "ಎಲ್ರೂ ಬರೀರಿ. 'ಆಟದ ಕೋಣೆ ಮಹಡಿ ಮೇಲಿದೆ.' ಒಂದೇ ಸಾಲು. ಮೊದಲು ಬಲಗೈ, ಆಮೇಲೆ ಎಡಗೈ. ನನ್ನ ಹತ್ರ ನಾಟಕ ನಡಿಯಲ್ಲ."

ನರ್ಸ್ ಬರೆದಳು. ಅಡುಗೆಯವ ಬರೆದ. ವಾಚ್‌ಮನ್ ಬರೆಯುವಷ್ಟರಲ್ಲಿ ಅವನ ನಾಲಿಗೆ ಅರ್ಧ ಹೊರಗೆ ಬಂದಿತ್ತು. ಸಿಬ್ಬಂದಿಯ ಹನ್ನೊಂದು ಚೀಟಿಗಳನ್ನೂ ಸೂಪರಿಂಟೆಂಡೆಂಟ್ ದೂರಿನ ಪಕ್ಕ ಇಟ್ಟು, ಭೂತಗನ್ನಡಿ ಹಿಡಿದು ನೋಡಿದ. ಒಂದೂ ಹೊಂದಲಿಲ್ಲ.

ಅಂಗವಿಕಲರ ಆಯುಕ್ತರಿಗೆ ಹೋಗಿದ್ದ ದೂರು ಒಂದೇ ಪುಟದ್ದು. ಈ ಪುನರ್ವಸತಿ ಕೇಂದ್ರದ ಆಟದ ಕೋಣೆ ಮೇಲಿನ ಮಹಡಿಯಲ್ಲಿದೆ. ಗಾಲಿಕುರ್ಚಿಯವರಿಗೆ ಇಳಿಜಾರು ದಾರಿಯಿಲ್ಲ. ಇರುವ ಒಂದೇ ಲಿಫ್ಟಿನ ಕೀಲಿ ಸೂಪರಿಂಟೆಂಡೆಂಟರ ಜೇಬಿನಲ್ಲಿದೆ. ಅಂಗವಿಕಲರ ಹಕ್ಕಿನ ಕಾನೂನು ಇದನ್ನು ಒಪ್ಪುವುದಿಲ್ಲ. ಇಷ್ಟೇ. ಕೈಬರಹ ಒಂದನೇ ಕ್ಲಾಸಿನ ಮಗುವಿನದು, ಭಾಷೆ ಹೆಡ್‌ಮಾಸ್ತರರದು. ಪ್ರತಿ ವಾಕ್ಯದ ಕೊನೆಗೂ ಒತ್ತಿ ಇಟ್ಟ ಚುಕ್ಕಿ, ನಕಲು ಪ್ರತಿಯಲ್ಲೂ ಕಣ್ಣಿಗೆ ಹೊಡೆಯುವಂತೆ. ಹೆಸರಿದ್ದ ಜಾಗಕ್ಕೆ ಆಯುಕ್ತರ ಕಚೇರಿ ಕಪ್ಪು ಪಟ್ಟಿ ಬಳಿದು ಕಳಿಸಿತ್ತು. ಮೂರು ಗಂಟೆಗೆ ವಿಚಾರಣೆ. ದೂರು ನಿಜವೆಂದು ತೀರ್ಮಾನವಾದರೆ ಅವನ ಕುರ್ಚಿ ಹೋಯಿತೆಂದೇ ಲೆಕ್ಕ.

ಬರೆದ ಕೈ ಸಿಗದಿದ್ದರೂ ಹಿಂದಿರುವ ತಲೆ ಯಾರದೆಂದು ಅವನಿಗೆ ಖಾತ್ರಿಯಿತ್ತು: ಆಟದ ಮೇಡಂ. ಮನರಂಜನಾ ಚಿಕಿತ್ಸಕಿ ಎಂದು ಬಾಗಿಲ ಮೇಲೆ ಬೋರ್ಡಿತ್ತು. ಆಟ, ಹಾಡು, ಚಿತ್ರ, ಬರವಣಿಗೆ, ಇವುಗಳಿಂದಲೇ ಬಿದ್ದ ಕೈಕಾಲಿಗೆ, ಬಿದ್ದ ಮನಸ್ಸಿಗೆ ಕೆಲಸ ಕೊಡುವುದು ಅವಳ ಕಸುಬು. ಎರಡು ವರ್ಷದಿಂದ ಲಿಫ್ಟಿಗಾಗಿ ಅವಳು ಅವನ ಪ್ರಾಣ ಹಿಂಡಿದ್ದಳು.

"ಹೇಳಿ ಮೇಡಂ. ಬರೆದೋನು ಯಾರು?"

"ಬರೆದೋರು ಅನ್ನಿ ಸರ್."

"ಅಂದ್ರೆ ಗೊತ್ತು ನಿಮಗೆ."

"ಗೊತ್ತಿದ್ರೂ ಹೇಳೋ ಹಾಗಿಲ್ಲ. ಅವರ ಒಪ್ಪಿಗೆ ಇಲ್ದೆ ಫೈಲು ತೆಗಿಯೋ ಹಾಗಿಲ್ಲ. ನಮ್ಮ ವೃತ್ತಿಗೂ ನಿಯಮ ಇದೆ."

"ಕೇರಂ ಆಡ್ಸೋಕೂ ನಿಯಮಾನಾ? ನಾಳೆ ಹಾವು ಏಣಿ ಆಟಕ್ಕೆ ಹೈಕೋರ್ಟಿಗೆ ಹೋಗ್ತೀರೇನೋ."

"ಏಣಿ ಹತ್ತೋಕಾಗದೋರು ಇಲ್ಲಿ ಮೂವತ್ತು ಜನ ಇದಾರೆ ಸರ್. ಹೋಗ್ಬೇಕಾಗ್ಬಹುದು."

ವಾಚ್‌ಮನ್ ನಗು ತಡೆಯಲು ಕೆಮ್ಮಿದ. ಸೂಪರಿಂಟೆಂಡೆಂಟ್ ಅವನ ಕಡೆ ನೋಡಿದ, ಕೆಮ್ಮು ವಾಸಿಯಾಯಿತು.

"ಇಂಟರ್‌ವಲ್‌ವರೆಗೂ ನಿಮ್ದು ಮೇಡಂ. ಕ್ಲೈಮ್ಯಾಕ್ಸು ನಂದು."

ಫೈಲು ಎಂದರೆ ಬರೆದದ್ದು ನಿವಾಸಿಯೇ ಎಂದು ಲೆಕ್ಕ ಹಾಕಿ, ಅಲ್ಲೇ ನೋಟೀಸು ಬರೆದ. ದೂರು ಬರೆದ ನಿವಾಸಿಯೂ ಅವರ ಕುಟುಂಬದವರೂ ಇಂದು ಸಂಜೆಯೊಳಗೆ ಈ ಆವರಣ ಬಿಡತಕ್ಕದ್ದು, ಮತ್ತೆಂದೂ ಗೇಟಿನೊಳಗೆ ಕಾಲಿಡಕೂಡದು. ಕೆಳಗೆ ಸಹಿ. ಸಹಿಯೆಂದರೆ ಅವನಿಗೆ ಹೆಮ್ಮೆ. ದಿನಕ್ಕೆ ನೂರು ಕಾಗದ ಬಂದರೂ ಓದುವ ಗೋಜಿಗೆ ಹೋಗದೆ ಸರಸರ ಹಾಕುತ್ತಿದ್ದ: ಹಾವಿನ ಹಾಗೆ ಎರಡು ಸುತ್ತು, ಕೊನೆಗೆ ಒತ್ತಿ ಒಂದು ಚುಕ್ಕಿ. ಚಿಕ್ಕವನಿದ್ದಾಗ ಚುಕ್ಕಿ ಮರೆತಾಗೆಲ್ಲ ಬೆರಳ ಗೆಣ್ಣಿಗೆ ಸ್ಕೇಲಿನ ಏಟು ಬಿದ್ದಿತ್ತು. ಆ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಊಟದ ಹೊತ್ತಿಗೆ ಎಂದಿನಂತೆ ಡಬ್ಬಿ ಹಿಡಿದು ಏಳನೇ ನಂಬರಿನ ಕೋಣೆಗೆ ಹೋದ. ಈ ಕಟ್ಟಡದಲ್ಲಿ ಅವನ ಪಾಲಿಗೆ ಎಲ್ಲರೂ ನಂಬರುಗಳೇ. ಹೆಸರು, ಸಂಬಂಧ ಎಂದು ಹಚ್ಚಿಕೊಂಡರೆ ಆಡಳಿತ ಕೆಡುತ್ತದೆಂಬುದು ಅವನ ಸಿದ್ಧಾಂತ. ಏಳನೇ ನಂಬರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಮಾತು ನಿಂತವರಿಗೆ ಬುದ್ಧಿಯೂ ನಿಂತಿರುತ್ತದೆಂದು ಅವನು ತಿಳಿದಿದ್ದ. ಹಾಗಾಗಿ ಅವನು ಮನಸ್ಸು ಬಿಚ್ಚುತ್ತಿದ್ದುದು ಅಲ್ಲಿ ಮಾತ್ರ. ತನಗೊಂದು ಚಮಚ, ಮುದುಕನಿಗೊಂದು ಚಮಚ, ನಡುನಡುವೆ ಬೈಗುಳ.

"ಲಿಫ್ಟು ಬಿಟ್ರೆ ದಿನವಿಡೀ ಹತ್ತೋದು ಇಳಿಯೋದು. ಕೆಟ್ರೆ ನನ್ನ ತಲೆಗೆ. ಇವರೆಲ್ಲ ಮೇಲೆ ಹೋಗಿ ಏನ್ ಕಡಿದು ಕಟ್ಟೆ ಹಾಕ್ಬೇಕು?"

ಮುದುಕ ಕಿಟಕಿಯಾಚೆ ನೋಡುತ್ತಿದ್ದ. ಅವನ ಎಡಗೈ ಬೆರಳು ಕುರ್ಚಿಯ ತೋಳಿನ ಮೇಲೆ ಇಲ್ಲದ ಸ್ಟ್ರೈಕರೊಂದನ್ನು ಟಪ್ಪೆಂದು ಹೊಡೆಯಿತು.

"ಬರೆದೋನು ಸಿಗ್ಲಿ. ಅವನ ವಂಶಾನೇ ಬೀದಿಗೆ ತರ್ತೀನಿ."

ಮುದುಕನ ಗಂಟಲು ಗೊರಗೊರ ಎಂದಿತು. ತುತ್ತು ಸಿಕ್ಕಿಕೊಂಡಿತೆಂದು ಅವನು ನೀರು ಕುಡಿಸಿದ. ನೀರು ಕುಡಿದ ಮೇಲೂ ಮುದುಕನ ಭುಜ ಕುಲುಕುತ್ತಲೇ ಇತ್ತು.

ಮೂರು ಗಂಟೆಗೆ ವಿಚಾರಣಾಧಿಕಾರಿ ಬಂದರು. ಮೆಟ್ಟಿಲು ಎಣಿಸಿದರು, ಲಿಫ್ಟಿನ ಬಾಗಿಲು ಎಳೆದು ನೋಡಿದರು, ಗೋಡೆಯ ನೋಟೀಸನ್ನು ಎರಡು ಸಲ ಓದಿದರು. ಆಮೇಲೆ ಕುಳಿತರು.

"ಸರ್, ದೂರು ಬರೆಸಿದ್ದು ಈ ಮೇಡಮ್ಮೇ," ಎಂದ ಸೂಪರಿಂಟೆಂಡೆಂಟ್. "ಪೇಷಂಟ್ ತಲೆ ಕೆಡಿಸಿ ಅರ್ಜಿ ಹಾಕ್ಸೋದು, ಇದು ಯಾವ ಸೀಮೆ ವೃತ್ತಿಧರ್ಮ? ಇವರನ್ನ ಕೆಲಸದಿಂದ ತೆಗೀಬೇಕು."

"ಬರೆಸಿದ್ರಾ?" ಅಧಿಕಾರಿ ಅವಳನ್ನು ಕೇಳಿದರು.

"ಬರೆಯೋದು ಕಲಿಸ್ದೆ ಸರ್. ಏನು ಬರೀಬೇಕು ಅಂತ ನಾನು ಹೇಳಿಲ್ಲ. ಬೆಳಿಗ್ಗೆವರೆಗೂ ಹೆಸರು ಬೇಡ ಅಂದಿದ್ರು. ಇವತ್ತು ಊಟ ಆದ್ಮೇಲೆ ಮನಸ್ಸು ಬದಲಾಯಿಸಿದ್ರು. ಒಪ್ಪಿಗೆ ಬರ್ಕೊಟ್ಟಿದಾರೆ." ಅವಳು ಫೈಲಿನಿಂದ ಆ ನಿವಾಸಿಯ ಚಿಕಿತ್ಸಾ ಯೋಜನೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

ಅಧಿಕಾರಿ ಓದಿದರು. "'ಚಿಕಿತ್ಸೆಯ ಗುರಿ: ತನಗೆ ಮುಖ್ಯವೆನಿಸಿದ ವಿಷಯದ ಬಗ್ಗೆ ಎಡಗೈಯಿಂದ ಒಂದು ಪುಟ ಬರೆದು ಅಂಚೆಗೆ ಹಾಕಿಸುವುದು. ಅವಧಿ ಮೂರು ತಿಂಗಳು.' ಸರಿಯಾಗೇ ಇದೆಯಲ್ಲ. ಮನೆಯವರೂ ಒಪ್ಪಿ ಸಹಿ ಹಾಕಿದಾರೆ."

"ಯಾವ ಮನೆಯವರು ಸರ್ ಅದು? ಇವತ್ತೇ ಎಲ್ರನ್ನೂ ಹೊರಗೆ ಹಾಕ್ತೀನಿ. ನೋಟೀಸು ಆಗ್ಲೇ ಗೋಡೆ ಮೇಲಿದೆ."

"ನೋಡ್ದೆ. ಸಂಜೆಯೊಳಗೆ ಅಂತ ಇದೆ." ಅಧಿಕಾರಿ ಗಡಿಯಾರ ನೋಡಿ, ಹಾಳೆಯನ್ನು ನಿಧಾನಕ್ಕೆ ಅವನತ್ತ ತಿರುಗಿಸಿದರು.

ನಿವಾಸಿ: ಕೋಣೆ ಏಳು. ಒಪ್ಪಿಗೆ ಕೊಟ್ಟವರ ಸಂಬಂಧ: ಮಗ. ಕೆಳಗೆ ಹಾವಿನ ಹಾಗೆ ಎರಡು ಸುತ್ತು, ಕೊನೆಗೆ ಒತ್ತಿ ಒಂದು ಚುಕ್ಕಿ.