ಮೊದಲ ಚಮಚ

ಹಾಲು ಸೀಯುತ್ತಿತ್ತು. ಅಡಿಗೆ ಶಾಲೆಯಲ್ಲಿ 'ಸಪ್ಪೆ' ಎಂದೇ ಹೆಸರಾಗಿದ್ದ ಹುಡುಗಿಗೆ ಆ ವಾಸನೆ ಚಿಕ್ಕಂದಿನಿಂದ ಪರಿಚಯ. ಅವಳಮ್ಮ ಪಕ್ಕದ ಮನೆಯವಳೊಡನೆ ಮಾತಿಗೆ ನಿಂತರೆ ಒಲೆಯ ಮೇಲೆ ಒಂದು ಪಾತ್ರೆ ತಳ ಹಿಡಿಯಲೇಬೇಕು. ಈಗ ತಳ ಹಿಡಿಯುತ್ತಿದ್ದುದು ಶಾಲೆಯ ಪಾತ್ರೆ. ಅದಕ್ಕೆ ಬೆನ್ನು ಕೊಟ್ಟು ನಿಂತ ಮೇಷ್ಟ್ರು, ಅಡಿಗೆಯವರಿಗೆ ಮೂಗು ಎಷ್ಟು ಮುಖ್ಯ ಎಂದು ಪಾಠ ಮಾಡುತ್ತಿದ್ದರು.

ಬಾಯಿ ತೆರೆಯುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಅವಳೇ, "ಸಾರ್, ಹಾಲು..." ಎಂದಳು.

ಮೇಷ್ಟ್ರು ತಿರುಗಿ ನೋಡಿದರು. ಒಲೆ ಆರಿಸಿದರು. "ಅಂತೂ ಒಬ್ಬಳಿಗಾದ್ರೂ ಮೂಗಿದೆ. ಮಿಕ್ಕವರು ಕನ್ನಡಕ ಇಡೋಕೆ ಇಟ್ಕೊಂಡಿದೀರಾ?"

ತರಗತಿ ತಲೆ ತಗ್ಗಿಸಿತು. ಹೀಗೆ ಪರೀಕ್ಷೆ ಒಡ್ಡುವ ಗುರು ಸಿಗಲು ಪುಣ್ಯ ಮಾಡಿರಬೇಕು ಎಂದು ಎಲ್ಲರೂ ಅಂದುಕೊಂಡರು.

ಅವಳಿಗೆ ಸಪ್ಪೆ ಎಂದು ಹೆಸರಿಟ್ಟವರೂ ಮೇಷ್ಟ್ರೇ. ಸೇರಿದ ದಿನ ಅವಳ ಸೂಪನ್ನು ಬಾಯಿಗಿಟ್ಟು, ಅವಳ ಮುಖವನ್ನೇ ದಿಟ್ಟಿಸಿ, "ನೀನೇ ಹೇಳು, ಏನು ಕೆಟ್ಟಿದೆ?" ಎಂದಿದ್ದರು. ಅವಳು ನಡುಗುತ್ತ, "ಉಪ್ಪು ಸ್ವಲ್ಪ..." ಎನ್ನುವಷ್ಟರಲ್ಲಿ, "ಸ್ವಲ್ಪ ಏನು ಬಂತು? ಇದು ಪಾತ್ರೆ ತೊಳೆದ ನೀರು" ಎಂದು ಸಿಂಕಿಗೆ ಸುರಿದಿದ್ದರು. ಎಲ್ಲರಿಗೂ ಹೀಗೆಯೇ. ತಪ್ಪು ಒಪ್ಪಿಕೊಂಡವರಿಗೆ ಬೈಗುಳ, ಒಪ್ಪದವರಿಗೆ ಇನ್ನೂ ಎರಡು ಹೆಚ್ಚು.

ಅವಳು ಅತ್ತಳು. ಆಮೇಲೆ ಅಳು ಬಿಟ್ಟು, ಅವರು ಕೇಳುವ ಮೊದಲೇ ತನ್ನ ತಪ್ಪು ಹುಡುಕಲು ಕಲಿತಳು. ಹುಡುಕುತ್ತ ಹುಡುಕುತ್ತ ತಪ್ಪುಗಳೇ ಅಪರೂಪವಾದವು. ಬೆರಳು ಕೊಯ್ದುಕೊಂಡ ದಿನ, "ತರಕಾರಿ ಹೆಚ್ಚು ಅಂದ್ರೆ ಬೆರಳು ಹೆಚ್ಚೋದಾ?" ಎಂದು ಗದರುತ್ತಲೇ ಮೇಷ್ಟ್ರು ತಾವೇ ಪಟ್ಟಿ ಕಟ್ಟಿದ್ದರು. ಅದನ್ನವಳು ಮರೆತಿರಲಿಲ್ಲ.

ಮನೆಯಲ್ಲಿ ಅತ್ತಿಗೆಗೆ ಎಲ್ಲ ತಮಾಷೆ. "ಅಡಿಗೆ ಕಲಿಯೋಕೆ ಶಾಲೆಯಂತೆ. ನಾಳೆ ನೀರು ಕುಡಿಯೋಕೆ ಟ್ಯೂಷನ್ ಇಡಿಸೋಣ ಬಿಡಿ."

ದೊಡ್ಡ ಹೋಟೆಲೊಂದರ ಅಡಿಗೆಮನೆಯಲ್ಲಿ ಒಂದು ಜಾಗ ಖಾಲಿಯಿತ್ತು. ಮೇಷ್ಟ್ರು 'ಪರವಾಗಿಲ್ಲ' ಎಂದರೆ ಅದು ಅವಳದು. ಎನ್ನದಿದ್ದರೆ ಅಣ್ಣನ ಮನೆಯ ಹಂಗಿನ ಅನ್ನ, ಅತ್ತಿಗೆಯ ಮಾತಿನ ಒಗ್ಗರಣೆ.

ಪರೀಕ್ಷೆಯ ದಿನ ಹೋಟೆಲಿನ ಮ್ಯಾನೇಜರೂ ಬಂದು ಕೂತರು. ಶಾಲೆಯ ನಿಯಮವೆಂದರೆ ಮೊದಲ ಚಮಚ ಮೇಷ್ಟ್ರದ್ದು. ಅದಕ್ಕೆ ಮುಂಚೆ ಅಡಿಗೆ ಮಾಡಿದವರು ನಾಲಿಗೆಗೆ ಮುಟ್ಟಿಸುವಂತಿಲ್ಲ.

ಮೇಷ್ಟ್ರು ಸೂಪು ಬಾಯಿಗಿಟ್ಟರು. ಅವಳ ಮುಖ ದಿಟ್ಟಿಸಿದರು. "ಏನು ಕೆಟ್ಟಿದೆ?"

"ಏನೂ ಇಲ್ಲ ಸಾರ್." ಅವಳ ರೆಪ್ಪೆ ಅಲುಗಲಿಲ್ಲ.

"ಪರವಾಗಿಲ್ಲ."

ಮ್ಯಾನೇಜರ್ ಎರಡನೆಯ ಚಮಚ ಬಾಯಿಗಿಟ್ಟು, ಅರೆಗಳಿಗೆ ತಡೆದು, ಮೇಷ್ಟ್ರ ಕಡೆ ನೋಡಿ, ಕಣ್ಣು ಮುಚ್ಚಿದರು. "ಉಪ್ಪಿನ ಹದ ಅಂದ್ರೆ ಇದು. ಸೋಮವಾರ ಬಂದ್ಬಿಡಮ್ಮ." ಸಹಪಾಠಿಗಳೂ ಒಂದೊಂದು ಚಮಚ ರುಚಿ ನೋಡಿ, ಹದದ ಬಗ್ಗೆ ತಲೆದೂಗಿದರು.

ಎಲ್ಲರೂ ಹೋದ ಮೇಲೆ ಅವಳು ಕಟ್ಟೆ ಒರೆಸಲು ಹೋದಳು. ಅಳೆದಿಟ್ಟಿದ್ದ ಉಪ್ಪು ಬಟ್ಟಲಲ್ಲಿ ಹಾಗೇ ಇತ್ತು. ಪಾತ್ರೆಯಲ್ಲಿ ಉಳಿದ ಸೂಪನ್ನು ನಾಲಿಗೆಗೆ ಮುಟ್ಟಿಸಿದಳು. ಅವಳ ಹೆಸರೇ ಅದರ ರುಚಿ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರಲು ಅವಳಿಂದಾಗಲಿಲ್ಲ. ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ ಊಟಕ್ಕೆ ತಟ್ಟೆ ಇಟ್ಟುಕೊಳ್ಳುತ್ತಿದ್ದರು.

"ಸಾರ್, ನಾನು ಉಪ್ಪೇ ಹಾಕಿರಲಿಲ್ಲ."

ಮೇಷ್ಟ್ರ ಕೈ ನಿಂತಿತು.

"ಮ್ಯಾನೇಜರಿಗೆ ಹೇಳಿಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ. ಆದ್ರೆ ಗೊತ್ತಿದ್ದೂ ಎಲ್ಲರ ಮುಂದೆ ನನ್ನ ಮಾನ ಉಳಿಸಿದ್ರಲ್ಲ, ಆ ಋಣ..."

ಮೇಷ್ಟ್ರು ಬೈಯಲಿಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ತಟ್ಟೆಗೆ ಅನ್ನ, ಬೇಯಿಸಿದ ತರಕಾರಿ ಬಡಿಸಿ, ಮೆಲ್ಲಗೆ ಅವಳ ಕೈಗೆ ಕೊಟ್ಟರು.

"ಇದಕ್ಕೆ ಉಪ್ಪು ಹಾಕಿದೀನಾ, ನೋಡಿ ಹೇಳಮ್ಮ. ನನ್ನ ಮೂಗು, ನಾಲಿಗೆ ಎರಡೂ ನೀನು ಸೇರೋಕೆ ಮುಂಚೆನೇ ಹೋದ್ವು."